ದ್ವಾರಕೀಶ್ ಹೋದ ಮೇಲೆ ತಮಾಷೆ ಬಿಟ್ಟವರು: ಒಂದು ಆಪ್ತಸಲಹೆ ಪ್ರಕರಣ

ಸಮಯ ಕೇಳಿ ಕರೆ ಮಾಡಿದ್ದು ಅವರ ಹೆಂಡತಿ. ತೊಂದರೆ ಏನೆಂದು ಕೇಳಿದೆ. ಆ ಕಡೆಯಿಂದ ಸಣ್ಣ ನಗು ಕೇಳಿಸಿತು. “ನಗಬಾರದು ಮೇಡಂ, ಆದರೆ ಹೇಳುವುದಕ್ಕೆ ನನಗೇ ಒಂಥರಾ ಆಗುತ್ತದೆ. ದ್ವಾರಕೀಶ್ ಹೋದಾಗಿನಿಂದ ನಮ್ಮ ಯಜಮಾನರು ಸರಿಯಾಗಿಲ್ಲ.”

ನಟ, ನಿರ್ಮಾಪಕ, ನಿರ್ದೇಶಕ ದ್ವಾರಕೀಶ್ ಬೆಂಗಳೂರಿನ ತಮ್ಮ ಮನೆಯಲ್ಲಿ ತೀರಿಕೊಂಡದ್ದು 2024ರ ಏಪ್ರಿಲ್ 16ರಂದು, 81ನೆಯ ವಯಸ್ಸಿನಲ್ಲಿ. ನನಗೆ ಈ ಕರೆ ಬಂದದ್ದು ಜೂನ್‌ನಲ್ಲಿ. ಯಜಮಾನರನ್ನು ಇಲ್ಲಿ ಮೂರ್ತಿ ಎಂದು ಕರೆಯುತ್ತೇನೆ. ಹೆಸರನ್ನೂ ಮನೆಯ ಕೆಲವು ವಿವರಗಳನ್ನೂ ಗುರುತು ಸಿಗದಂತೆ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಒಪ್ಪಿಗೆಯೊಂದಿಗೆ ಒಂದು ಷರತ್ತೂ ಇತ್ತು: ದ್ವಾರಕೀಶರ ಹೆಸರನ್ನು ಮಾತ್ರ ಬದಲಿಸಬಾರದು.

ಮೂರ್ತಿಯವರಿಗೆ ಆಗ ಐವತ್ತಾರು. ಚಿಕ್ಕಪೇಟೆಯ ಆಸುಪಾಸಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕಿಸಿಕೊಡುವ ಅಂಗಡಿ. ಸಕ್ಕರೆ ಕಾಯಿಲೆಗೆ ಮಾತ್ರೆ ನಡೆಯುತ್ತಿದೆ. ಹೆಂಡತಿ, ಸಾಫ್ಟ್‌ವೇರ್ ಕಂಪನಿಯಲ್ಲಿರುವ ಮಗ, ಸೊಸೆ, ಎಲ್ಲರೂ ಒಂದೇ ಮನೆಯಲ್ಲಿದ್ದಾರೆ. ಮೂರ್ತಿ ಆಳು ಕುಳ್ಳ. ಗಲ್ಲಾಪೆಟ್ಟಿಗೆಯ ಹಿಂದೆ ಒಂದು ಮರದ ಮಣೆ ಹಾಕಿಕೊಂಡು ಅದರ ಮೇಲೆ ನಿಂತು ವ್ಯಾಪಾರ ಮಾಡುತ್ತಾರೆ. ಪತ್ರಿಕೆಯ ಮಾದರಿ ನೋಡಲು ಬಂದ ಹೆಣ್ಣಿನ ಕಡೆಯವರಿಗೆ, “ಅಳತೆ ನಿಮ್ಮಿಷ್ಟ, ನನ್ನನ್ನು ನೋಡಿ ಮಾತ್ರ ತೀರ್ಮಾನ ಮಾಡಬೇಡಿ” ಎನ್ನುವುದು ಅವರ ಮೊದಲ ಮಾತು. ನೆಂಟರ ಮದುವೆಯಲ್ಲಿ ಅವರು ಕೂತ ಪಂಕ್ತಿಗೇ ಜನ ನುಗ್ಗುತ್ತಾರೆ ಎಂದು ಹೆಂಡತಿ ಹೇಳಿದರು. ಅಂಥವರು ಎರಡು ತಿಂಗಳಿಂದ ಒಂದೇ ಒಂದು ತಮಾಷೆಯ ಮಾತು ಆಡಿಲ್ಲ.

ಆಡದಿದ್ದರೆ ಏನಂತೆ ಎಂದು ಕೇಳಬಹುದು. ಆದರೆ ನಿದ್ದೆ ಕೆಟ್ಟಿತ್ತು. ರಾತ್ರಿ ಎರಡು ಗಂಟೆಯವರೆಗೂ ಹಾಸಿಗೆಯಲ್ಲಿ ಮೊಬೈಲ್ ಹಿಡಿದು ದ್ವಾರಕೀಶರ ಹಾಸ್ಯದ ತುಣುಕುಗಳನ್ನು ಒಂದಾದ ಮೇಲೆ ಒಂದು ನೋಡುತ್ತಿದ್ದರು. ಅಂಗಡಿಯ ಬಾಗಿಲು ತೆಗೆಯುವಾಗ ಹನ್ನೊಂದು ಗಂಟೆ. ಆ ವರ್ಷ ಗುರು, ಶುಕ್ರ ಇಬ್ಬರೂ ಅಸ್ತವಾಗಿ ಮೇ, ಜೂನ್ ತಿಂಗಳುಗಳಲ್ಲಿ ಮದುವೆಯ ಮುಹೂರ್ತಗಳೇ ಇರಲಿಲ್ಲ. ಅಂಗಡಿಗೆ ಗಿರಾಕಿ ಬರದೆ ಹಗಲೂ ಖಾಲಿ. ಆ ಖಾಲಿಯನ್ನೂ ಮೊಬೈಲೇ ತುಂಬಿತ್ತು. ಸಕ್ಕರೆಯ ಮಾತ್ರೆ ಒಂದು ದಿನ ನೆನಪಾದರೆ ಒಂದು ದಿನ ಇಲ್ಲ. ಮಗನೊಂದಿಗೆ ಮಾತು ನಿಂತಿತ್ತು.

ಮೊದಲ ಭೇಟಿಗೆ ಅವರೊಬ್ಬರೇ ಒಳಗೆ ಬಂದರು. ಮೊಬೈಲನ್ನು ಮೇಜಿನ ಮೇಲೆ ಮಗುಚಿ ಇಟ್ಟು, “ನನಗೆ ತಲೆ ಕೆಟ್ಟಿದೆಯೇ ನೋಡಿ ಹೇಳಿ ಮೇಡಂ. ಮಗನಿಗೆ ಉತ್ತರ ಕೊಡಬೇಕು” ಎಂದರು.

ನಮ್ಮ ವೃತ್ತಿಯಲ್ಲಿ ಒಂದು ಚಾಳಿಯಿದೆ. ಸಿನಿಮಾ ನಟನಿಗಾಗಿ ಯಾರಾದರೂ ಅತ್ತರೆ, ಆ ಅಳುವಿನ ಹಿಂದೆ ಬೇರೆ ಯಾರದೋ ಸಾವು ಇರಲೇಬೇಕು ಎಂದು ಕೆದಕಲು ಹೊರಡುತ್ತೇವೆ. ಕೆಲವೊಮ್ಮೆ ಇರುತ್ತದೆ. ಮನೆಯಲ್ಲಿ ಆಗಿಹೋದ ಸಾವುಗಳನ್ನು ನಾನು ಎಲ್ಲರನ್ನೂ ಕೇಳುತ್ತೇನೆ, ಇವರನ್ನೂ ಕೇಳಿದೆ. ತಂದೆ ತೀರಿಕೊಂಡು ಬಹಳ ವರ್ಷವಾಗಿತ್ತು. ನನ್ನ ಪ್ರಶ್ನೆ ಯಾವ ಕಡೆ ತಿರುಗುತ್ತಿದೆ ಎಂದು ಅವರಿಗೆ ತಕ್ಷಣ ಹೊಳೆಯಿತು. “ಅಪ್ಪನಿಗಾಗಿ ಅಳುವುದನ್ನು ಅತ್ತು ಮುಗಿಸಿದ್ದೇನೆ. ಹನ್ನೊಂದನೆಯ ದಿನದಿಂದ ವರ್ಷಾಬ್ದಿಕದವರೆಗೆ ಯಾವುದನ್ನೂ ಬಿಟ್ಟಿಲ್ಲ. ಇದು ದ್ವಾರಕೀಶರಿಗಾಗಿಯೇ ಮೇಡಂ, ಬೇರೆ ಯಾರಿಗಾಗಿಯೂ ಅಲ್ಲ.”

ನಾನು ಅದನ್ನು ನಂಬಿದೆ. ಈ ಪ್ರಕರಣದಲ್ಲಿ ಮುಂದಿನ ಎಲ್ಲ ಕೆಲಸವೂ ನಡೆದದ್ದು ಆ ನಂಬಿಕೆಯ ಮೇಲೆ. ಯಾರಿಗಾಗಿ ಅಳುತ್ತಿದ್ದೀರಿ ಎಂಬ ಪ್ರಶ್ನೆಯನ್ನು ಕೈಬಿಟ್ಟು, ಅವರು ನಿಮಗೆ ಏನು ಕೊಟ್ಟಿದ್ದರು ಎಂದು ಕೇಳಿದೆ.

ಮುಕ್ಕಾಲು ಗಂಟೆ ಮಾತಾಡಿದರು. ಶಾಲೆಯಲ್ಲಿ ಕುಳ್ಳ ಎನಿಸಿಕೊಳ್ಳದ ದಿನವಿರಲಿಲ್ಲ. ಪ್ರಾರ್ಥನೆಯ ಸಾಲಿನಲ್ಲಿ ಯಾವಾಗಲೂ ಮೊದಲನೆಯವರು, ನಾಟಕದಲ್ಲಿ ಯಾವಾಗಲೂ ಕೋತಿ. 1984ರಲ್ಲಿ, ಅವರಿಗೆ ಹದಿನಾರು ತುಂಬಿದ್ದಾಗ, ‘ಪ್ರಚಂಡ ಕುಳ್ಳ’ ತೆರೆಗೆ ಬಂತು. ಕಾಲೇಜಿನ ಹುಡುಗರು ಸಹಜವಾಗಿಯೇ ಆ ಹೆಸರನ್ನು ಇವರಿಗೆ ಅಂಟಿಸಿದರು. ಮೆಜೆಸ್ಟಿಕ್‌ಗೆ ಹೋಗಿ ಆ ಸಿನಿಮಾ ನೋಡಿ ಬಂದ ಮರುದಿನ ಇವರು ತರಗತಿಗೆ ನುಗ್ಗಿ, “ಪ್ರಚಂಡ ಕುಳ್ಳ ಹಾಜರ್” ಎಂದು ತಾವೇ ಕೂಗಿದರಂತೆ. ಹುಡುಗರು ನಕ್ಕರು. “ಅದುವರೆಗೆ ಅವರು ನಗುತ್ತಿದ್ದರು, ನಾನು ಸಹಿಸುತ್ತಿದ್ದೆ. ಅವತ್ತು ನಗಿಸಿದವನು ನಾನು.” ಪೋಸ್ಟರಿನಲ್ಲಿ ತನ್ನ ಕುಳ್ಳತನವನ್ನೇ ಅಷ್ಟು ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡು ನಿಂತ ಇನ್ನೊಬ್ಬ ಮನುಷ್ಯನನ್ನು ಅವರು ಅದಕ್ಕೂ ಮುಂಚೆ ಕಂಡಿರಲಿಲ್ಲ.

ಆಮೇಲೆ ಅವರು ದ್ವಾರಕೀಶರ ಇಡೀ ಬದುಕನ್ನು ಬಾಯಿಪಾಠದಂತೆ ಒಪ್ಪಿಸಿದರು. 1942ರಲ್ಲಿ ಹುಣಸೂರಿನಲ್ಲಿ ಹುಟ್ಟಿದ್ದು; ಮೈಸೂರಿನಲ್ಲಿ ವಾಹನಗಳ ಬಿಡಿಭಾಗದ ವ್ಯಾಪಾರ ಬಿಟ್ಟು ಸಿನಿಮಾಕ್ಕೆ ಬಂದದ್ದು; 1969ರಲ್ಲಿ ರಾಜ್‌ಕುಮಾರ್ ಅವರನ್ನು ನಾಯಕರನ್ನಾಗಿ ಹಾಕಿಕೊಂಡು ‘ಮೇಯರ್ ಮುತ್ತಣ್ಣ’ ತೆಗೆದದ್ದು; 1972ರ ‘ಕುಳ್ಳ ಏಜೆಂಟ್ 000’ ಚಿತ್ರಕ್ಕೆ ಕಿಶೋರ್ ಕುಮಾರ್ ಅವರಿಂದ ಕನ್ನಡದಲ್ಲಿ ಹಾಡಿಸಿದ್ದು. ಆ ಹಾಡೇ ಇವರ ಮೊಬೈಲಿನ ಕರೆಗಂಟೆ. ಆದರೆ ಅವರು ಹೆಚ್ಚು ಹೊತ್ತು ನಿಂತದ್ದು ಸೋಲಿನ ವರ್ಷಗಳ ಮೇಲೆ: ಸಾಲು ಸಾಲಾಗಿ ಚಿತ್ರಗಳು ನೆಲಕಚ್ಚಿದ್ದು, ಸಾಲ ತೀರಿಸಲು ಮನೆಗಳನ್ನು ಮಾರಿದ್ದು, ಮುಗಿಯಿತು ಎಂದು ಎಲ್ಲರೂ ಅಂದ ಮೇಲೆ 2004ರಲ್ಲಿ ‘ಆಪ್ತಮಿತ್ರ’ ಗೆದ್ದದ್ದು. ಕೋವಿಡ್ ಬಂದ ಮೇಲೆ ಜನ ವಾಟ್ಸ್‌ಆ್ಯಪ್‌ನಲ್ಲೇ ಆಮಂತ್ರಣ ಕಳಿಸಲು ಕಲಿತರು. ಸಾವಿರ ಪತ್ರಿಕೆ ಅಚ್ಚು ಹಾಕಿಸುತ್ತಿದ್ದವರು ದೇವರ ಮುಂದಿಡಲು ನೂರು ಸಾಕು ಎನ್ನತೊಡಗಿದರು. ಅಂಗಡಿ ಮುಚ್ಚು ಎಂದು ಮಗ ಹೇಳಿದಾಗಲೆಲ್ಲ ಇವರು ತಮ್ಮೊಳಗೇ ಹೇಳಿಕೊಳ್ಳುತ್ತಿದ್ದದ್ದು ಒಂದೇ ಮಾತು: ಕುಳ್ಳ ಇನ್ನೊಮ್ಮೆ ಎದ್ದು ಬಂದನಲ್ಲ.

ಹೀಗಿರುವಾಗ ಬೇರೆ ದುಃಖವನ್ನು ಹುಡುಕುವ ಅಗತ್ಯವೆಲ್ಲಿದೆ? ನಲವತ್ತು ವರ್ಷ ಜೊತೆಗಿದ್ದ ಧೈರ್ಯವೊಂದು ಹೋಗಿದೆ. ಪರದೆಯ ಮೇಲಿನವರೊಂದಿಗೆ ನೋಡುಗರು ಕಟ್ಟಿಕೊಳ್ಳುವ ಈ ಏಕಮುಖ ನಂಟನ್ನು ಹಾರ್ಟನ್ ಮತ್ತು ವೋಲ್ ಎಂಬ ಇಬ್ಬರು ವಿದ್ವಾಂಸರು 1956ರಲ್ಲೇ ವಿವರಿಸಿದ್ದಾರೆ. ನಂಟು ಏಕಮುಖವಾದರೂ ಅದರಿಂದ ಸಿಗುವ ಬಲ ಸುಳ್ಳಲ್ಲ. ಹರಿದಾಗ ಆಗುವ ನೋವೂ ಸುಳ್ಳಲ್ಲ.

ಇನ್ನು ಏಪ್ರಿಲ್ 16ರ ವಿಷಯ. ಸುದ್ದಿಯನ್ನು ಅಂಗಡಿಗೆ ತಂದದ್ದು ಒಬ್ಬ ಗಿರಾಕಿ. ಮೂರ್ತಿ ನಂಬಲಿಲ್ಲ. ದ್ವಾರಕೀಶ್ ತೀರಿಕೊಂಡರೆಂಬ ಸುಳ್ಳು ಸುದ್ದಿ ಹಿಂದೆಯೂ ಹಬ್ಬಿತ್ತು, ಅವರೇ ವಿಡಿಯೊದಲ್ಲಿ ಬಂದು ತಾನು ಚೆನ್ನಾಗಿದ್ದೇನೆ ಎಂದಿದ್ದರು. ಈ ಸಲವೂ ಸಂಜೆಯೊಳಗೆ ಅಂಥದೊಂದು ವಿಡಿಯೊ ಬರುತ್ತದೆ ಎಂದು ಇವರು ಕಾದರು. ಪಕ್ಕದ ಅಂಗಡಿಯ ಟಿ.ವಿ. ನೋಡಿದ ಮೇಲೆ ಷಟರ್ ಎಳೆದು ಮನೆಗೆ ಹೋದರು. ಮಂಚದ ಮೇಲೆ ಕೂತು ಎದೆ ಬಡಿದುಕೊಂಡು ಅತ್ತರು. ಸೊಸೆ ಬಾಗಿಲಲ್ಲಿ ನಿಂತು ನಕ್ಕಳು. ಮಾವ ಯಾರನ್ನೋ ಅಣಕಿಸುತ್ತಿದ್ದಾರೆ ಎಂದುಕೊಂಡಿದ್ದಳು. ಹೆಂಡತಿ ಅಡುಗೆಮನೆಯಿಂದಲೇ, “ಸಾಕು ನಿಮ್ಮ ನಾಟಕ, ಕಾಫಿ ಆರುತ್ತದೆ” ಎಂದರು. ಈ ಭಾಗವನ್ನು ನನಗೆ ಹೇಳಿದ್ದು ಹೆಂಡತಿಯೇ. ಫೋನಿನಲ್ಲಿ ಕೇಳಿಸಿದ್ದ ನಗು ಆಗ ಅವರಲ್ಲಿ ಇರಲಿಲ್ಲ.

ಮನೆಯನ್ನು ನಗಿಸುತ್ತಾ ಬಂದವರಿಗೆ ಇದೊಂದು ಶಾಪ. ಅವರು ಅತ್ತರೆ ಅದು ಮುಂದಿನ ತಮಾಷೆಗೆ ಪೀಠಿಕೆ ಎಂದು ಎಲ್ಲರೂ ಕಾಯುತ್ತಾರೆ. ತಮಾಷೆ ಬಾರದೇ ಹೋದಾಗ ಸಿಟ್ಟಾಗುತ್ತಾರೆ. ಹೀಗೆ ಸುತ್ತಲಿನವರ ಒಪ್ಪಿಗೆ ಸಿಗದ ದುಃಖದ ಬಗ್ಗೆ ಕೆನೆತ್ ಡೋಕಾ ಎಂಬ ವಿದ್ವಾಂಸರು 1989ರಿಂದ ಬರೆಯುತ್ತಾ ಬಂದಿದ್ದಾರೆ. ಅತ್ತಿದ್ದಕ್ಕೆ ಕಾರಣ ಕೊಡಬೇಕಾಗಿ ಬಂದವರು ಕೊನೆಗೆ ಬಾಗಿಲು ಹಾಕಿಕೊಂಡು ಅಳುತ್ತಾರೆ. ಮೂರ್ತಿಯವರ ರಾತ್ರಿ ಎರಡು ಗಂಟೆಯ ಮೊಬೈಲ್ ಅಂಥದೊಂದು ಹಾಕಿಕೊಂಡ ಬಾಗಿಲು.

ಮರುದಿನ, 17ರಂದು, ಪಾರ್ಥಿವ ಶರೀರವನ್ನು ರವೀಂದ್ರ ಕಲಾಕ್ಷೇತ್ರದಲ್ಲಿ ಸಾರ್ವಜನಿಕರ ದರ್ಶನಕ್ಕೆ ಇಟ್ಟಿದ್ದರು. ಅವರ ಅಂಗಡಿಯಿಂದ ಅಲ್ಲಿಗೆ ನಡೆದೇ ಹೋಗಬಹುದು. ಆದರೆ ಅವತ್ತು ರಾಮನವಮಿ. ಭಾವಮೈದುನನ ಮನೆಯವರು ಊಟಕ್ಕೆ ಬರುವವರಿದ್ದರು. ಹಬ್ಬದ ದಿನ ಹೆಣ ನೋಡಿ ಬಂದು ಸ್ನಾನ ಮಾಡುತ್ತಾ ಕೂರುತ್ತೀರಾ, ಅದೂ ಈ ನೀರಿನ ಬರದಲ್ಲಿ ಎಂದು ಮನೆಯಲ್ಲಿ ಅಂದರು. (ಆ ಬೇಸಿಗೆಯಲ್ಲಿ ಅವರ ಬಡಾವಣೆಯ ಕೊಳವೆಬಾವಿ ಬತ್ತಿ ಟ್ಯಾಂಕರಿಗೆ ಕಾಯುತ್ತಿದ್ದ ಕಾಲ. ಮಾತಿನಲ್ಲಿ ನ್ಯಾಯ ಇಲ್ಲದಿಲ್ಲ.) ಇವರು ಹೋಗಲಿಲ್ಲ. ಪೂಜೆಯಾದ ಮೇಲೆ ಕೈಗೆ ಕೊಟ್ಟ ಪಾನಕದ ಲೋಟ ಹಿಡಿದುಕೊಂಡು ಗಡಿಯಾರ ನೋಡುತ್ತಾ ಕೂತಿದ್ದರಂತೆ. ಬೆಲ್ಲ ಕರಗದೆ ತಳದಲ್ಲಿ ನಿಂತಿತ್ತು, ಏಲಕ್ಕಿ ಸಿಪ್ಪೆ ಮೇಲೆ ತೇಲುತ್ತಿತ್ತು ಎಂದು ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಚಾಮರಾಜಪೇಟೆಯ ಟಿ.ಆರ್. ಮಿಲ್ ರುದ್ರಭೂಮಿಯಲ್ಲಿ ಅಂತ್ಯಕ್ರಿಯೆ ಮುಗಿಯಿತು ಎಂದು ಟಿ.ವಿ.ಯಲ್ಲಿ ಬಂದಾಗ ನೆಂಟರು ಕೋಸಂಬರಿ ಚೆನ್ನಾಗಿದೆ ಎನ್ನುತ್ತಿದ್ದರು.

ಒಂದು ವಿಷಯವನ್ನು ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿದೆ: ಬದುಕು ಸಾಕು ಎನಿಸಿದೆಯೇ, ಸಾಯುವ ಯೋಚನೆ ಬಂದಿದೆಯೇ? ಇಲ್ಲ ಎಂದರು, ನನಗೂ ಹಾಗೆಯೇ ಕಂಡಿತು. ಕೇಳಿದರೆ ಯೋಚನೆ ಹುಟ್ಟೀತು ಎಂಬ ಭಯ ಬೇಡ. ಕೇಳದೆ ಬಿಟ್ಟರೇ ಅಪಾಯ. ಅವರಿಗೆ ಯಾವ ರೋಗದ ಹೆಸರನ್ನೂ ನಾನು ಅಂಟಿಸಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ಕಾಯಿಲೆಗಳ ಪಟ್ಟಿಯಲ್ಲಿ ದೀರ್ಘಕಾಲದ ಶೋಕವನ್ನು ಕಾಯಿಲೆ ಎಂದು ಪರಿಗಣಿಸಲು ಕನಿಷ್ಠ ಆರು ತಿಂಗಳು ಕಳೆದಿರಬೇಕು, ಅದೂ ಹತ್ತಿರದವರ ಸಾವಿನ ನಂತರ. ಎರಡು ತಿಂಗಳ ಅಳುವಿಗೆ ಕಾಯಿಲೆಯ ಹೆಸರು ಇಲ್ಲ. ಸಕ್ಕರೆಯ ಪರೀಕ್ಷೆ ಮಾಡಿಸಿ, ತಮ್ಮ ವೈದ್ಯರನ್ನು ಆ ವಾರವೇ ಕಾಣಲು ಹೇಳಿದೆ.

ಎರಡನೆಯ ಭೇಟಿಯಲ್ಲಿ ಅವರೇ ಒಂದು ಮಾತು ತೆಗೆದರು. ರಾತ್ರಿ ತುಣುಕು ನೋಡುವಾಗ ಥಟ್ಟನೆ ನಗು ಬಂದುಬಿಡುತ್ತದೆ, ಮರುಕ್ಷಣ ಪಾಪ ಮಾಡಿದಂತೆ ಎನಿಸುತ್ತದೆ. ಸತ್ತವರನ್ನು ನೋಡಿ ನಗುವುದೇ? ಗಂಭೀರ ಪಾತ್ರಗಳ ನಟನೋ ಗಾಯಕನೋ ತೀರಿಕೊಂಡರೆ ಈ ಇಕ್ಕಟ್ಟು ಇಲ್ಲ. ಅವರ ಹಾಡು ಕೇಳಿ ಅಳಬಹುದು. ಹಾಸ್ಯನಟ ಬಿಟ್ಟುಹೋಗುವುದೆಲ್ಲ ನಗುವೇ. ನಾನು ಕೆಲ್ಟ್‌ನರ್ ಮತ್ತು ಬೊನಾನೊ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1997ರಲ್ಲಿ ಪ್ರಕಟಿಸಿದ ಅಧ್ಯಯನದ ವಿಷಯ ಹೇಳಿದೆ. ಸಂಗಾತಿಯನ್ನು ಕಳೆದುಕೊಂಡು ಆರು ತಿಂಗಳಾದವರನ್ನು ಅವರು ಮಾತಾಡಿಸಿದ್ದರು. ಹೋದವರ ಬಗ್ಗೆ ಮಾತಾಡುತ್ತಲೇ ಮನಸಾರೆ ನಕ್ಕವರಲ್ಲಿ ಸಂಕಟ ಕಡಿಮೆಯಿತ್ತು, ಸುತ್ತಲಿನವರೊಂದಿಗಿನ ಸಂಬಂಧವೂ ಚೆನ್ನಾಗಿತ್ತು. ಮೂರ್ತಿ ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ದ್ವಾರಕೀಶರಿಗೆ ಅಳುವುದಕ್ಕಿಂತ ನಕ್ಕರೇ ಮರ್ಯಾದೆ” ಎಂದರು. ಅಳುವುದಕ್ಕಿಂತ ಅಲ್ಲ, ಅಳುವಿನ ಜೊತೆಗೆ ಎಂದು ತಿದ್ದಿದೆ.

ಆದರೆ ತುಣುಕುಗಳನ್ನು ನಿಲ್ಲಿಸಲು ಹೇಳಿದೆ. ಸಿನಿಮಾ ನೋಡಬೇಡಿ ಎಂದಲ್ಲ. ಇಡೀ ಸಿನಿಮಾ ನೋಡಿ, ವಾರಕ್ಕೊಂದು, ರಾತ್ರಿ ಊಟಕ್ಕೆ ಮುಂಚೆ, ಟಿ.ವಿ.ಯಲ್ಲಿ, ಹೆಂಡತಿಯ ಜೊತೆಗೆ ಎಂದೆ. ಹಳೆಯ ಸಿನಿಮಾಕ್ಕೆ ಕೊನೆಯಲ್ಲಿ ‘ಶುಭಂ’ ಎಂದು ಬರುತ್ತದೆ, ಎದ್ದು ಊಟಕ್ಕೆ ಹೋಗಬಹುದು. ಮೊಬೈಲಿನ ತುಣುಕಿಗೆ ಕೊನೆಯೇ ಇಲ್ಲ. ಒಂದು ಮುಗಿಯುವ ಮೊದಲೇ ಇನ್ನೊಂದನ್ನು ಅದು ತಾನೇ ಬಡಿಸುತ್ತದೆ. ಮೊಬೈಲ್ ರಾತ್ರಿ ಹತ್ತಕ್ಕೆ ಹಜಾರದಲ್ಲಿ ಚಾರ್ಜಿಗೆ ಹೋಗಬೇಕು, ಮಲಗುವ ಕೋಣೆಗೆ ಬರಬಾರದು. ಇದಕ್ಕೆ ಅವರು ಗೊಣಗಿದರು. ಮೊದಲ ವಾರ ಪಾಲಿಸಲೂ ಇಲ್ಲ.

ಮೂರನೆಯ ಭೇಟಿಗೆ ಹೆಂಡತಿಯನ್ನೂ ಮಗನನ್ನೂ ಕರೆಸಿದೆ. ಮಗ ಒಳ್ಳೆಯ ಹುಡುಗ, ಆದರೆ ವಾದಕ್ಕೆ ಸಿದ್ಧನಾಗಿ ಬಂದಿದ್ದ. “ಎಂಬತ್ತೊಂದು ವರ್ಷ, ತುಂಬು ಬಾಳು. ಅಪ್ಪನ ಪರಿಚಯವೂ ಅವರಿಗಿರಲಿಲ್ಲ. ಅಪ್ಪು ಹೋದಾಗ ನಾನೂ ಅತ್ತೆ ಮೇಡಂ, ಆದರೆ ಅವರಿಗೆ ಬರೀ ನಲವತ್ತಾರು. ಅದು ಬೇರೆ.” ಪುನೀತ್ ರಾಜ್‌ಕುಮಾರ್ ತೀರಿಕೊಂಡದ್ದು 2021ರ ಅಕ್ಟೋಬರ್ 29ರಂದು. ಆಗ ಇಡೀ ಬೆಂಗಳೂರು ಬೀದಿಯಲ್ಲಿ ನಿಂತು ಅತ್ತಿತ್ತು, ಯಾರೂ ಯಾರಿಗೂ ಕಾರಣ ಕೊಡಬೇಕಾಗಿರಲಿಲ್ಲ. ಆಗ ಮೂರ್ತಿ ತಲೆ ಎತ್ತದೆ ಹೇಳಿದರು: “ಕಂಠೀರವ ಸ್ಟೇಡಿಯಂನ ಸಾಲಿನಲ್ಲಿ ಇವನ ಜೊತೆ ನಾನೂ ನಿಂತಿದ್ದೆ. ಇವನ ಬೂಟಿನ ಮೇಲೆ ಕೂತು ಸ್ವಲ್ಪ ಹೊತ್ತು ನಿದ್ದೆ ಮಾಡಿದ್ದೆ. ಅಪ್ಪುವಿಗೆ ನಿನ್ನ ಪರಿಚಯ ಇತ್ತೇ ಎಂದು ನಾನು ಕೇಳಿರಲಿಲ್ಲ.”

ಮಗ ಆಮೇಲೆ ವಾದ ಮಾಡಲಿಲ್ಲ. ಕ್ಷಮೆಯನ್ನೂ ಕೇಳಲಿಲ್ಲ. ಸಿನಿಮಾದಲ್ಲಾದರೆ ಅಲ್ಲೇ ಅಪ್ಪುಗೆಯಾಗುತ್ತಿತ್ತು, ನನ್ನ ಕೋಣೆಯಲ್ಲಿ ಅಂಥದು ನಡೆಯುವುದು ಅಪರೂಪ. ಮನೆಯವರಿಗೆ ನಾನು ಹೇಳಿದ್ದು ಎರಡೇ ಮಾತು. ವಯಸ್ಸಾಗಿತ್ತಲ್ಲ ಎನ್ನಬೇಡಿ. ವಯಸ್ಸಾಗಿತ್ತು ಎಂಬುದು ಸಾವಿಗೆ ಕಾರಣವಾದೀತು, ಅಳಬಾರದು ಎಂಬುದಕ್ಕೆ ಕಾರಣವಾಗದು. ಎರಡನೆಯದು, ಮೊದಲಿನ ಹಾಗೆ ನಗಿಸಿ ಎಂದು ಅವರನ್ನು ಕೇಳಬೇಡಿ. ತಮಾಷೆ ಮನೆಗೆ ಅವರು ಕಟ್ಟಬೇಕಾದ ಬಾಡಿಗೆಯಲ್ಲ.

ಉಳಿದದ್ದು ನೋಡದೇ ಹೋದ ದರ್ಶನದ ಕೊರಗು. ನಂಟಸ್ತಿಕೆ ಇಲ್ಲದ ಸಾವಿಗೆ ಸೂತಕವಿಲ್ಲ, ಹನ್ನೊಂದನೆಯ ದಿನವಿಲ್ಲ, ಕೊನೆಯ ಒಂದು ಕೆಲಸವೂ ಇಲ್ಲ. ಅದಕ್ಕೇ ಅದು ಮುಗಿಯುವುದೂ ಇಲ್ಲ. ನಿಮ್ಮ ಕಸುಬಿನಲ್ಲೇ ಏನಾದರೂ ಮಾಡಿ ಎಂದೆ. ಲಗ್ನಪತ್ರಿಕೆ ಮಾಡುವವರು ವೈಕುಂಠ ಸಮಾರಾಧನೆಯ ಕಾರ್ಡನ್ನೂ ಮಾಡುತ್ತಾರಲ್ಲ. ಅವರು ಎರಡು ವಾರ ಅದರ ಹಿಂದೆ ಬಿದ್ದರು. ಯಾವ ಮಾದರಿಯೂ ಒಪ್ಪಿಗೆಯಾಗಲಿಲ್ಲ. ಕಪ್ಪು ಅಂಚಿನ ಕಾರ್ಡು ದ್ವಾರಕೀಶರಿಗೆ ಒಗ್ಗುವುದಿಲ್ಲ ಎಂದು ಅದನ್ನು ಬಿಟ್ಟು, ಕೊನೆಗೆ ಮದುವೆ ಪತ್ರಿಕೆಯ ಅರಿಶಿನ ಬಣ್ಣದ ದಪ್ಪ ಕಾಗದವನ್ನೇ ಆರಿಸಿದರು. ಅಚ್ಚು ಹಾಕಿಸಿದ್ದು ಒಂದೇ ಪ್ರತಿ. ನನಗೆ ತೋರಿಸಿದರು. ಒಳಗಿನ ಬರಹ ಅವರದು, ಇಲ್ಲಿ ಬರೆಯುವುದಿಲ್ಲ. ಕೆಳಗೆ ‘ತಮ್ಮ ಆಗಮನಾಭಿಲಾಷಿ’ ಎಂದು ಇರುವ ಜಾಗದಲ್ಲಿ ತಮ್ಮ ಹೆಸರು ಹಾಕಿಕೊಂಡಿದ್ದರು. ಒಂದು ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಕಲಾಕ್ಷೇತ್ರದ ಮೆಟ್ಟಿಲ ಹತ್ತಿರ ಹತ್ತು ನಿಮಿಷ ನಿಂತು ಬಂದರು. ಕಾವಲಿನವನು ಏನು ಬೇಕು ಎಂದು ಕೇಳಿದನಂತೆ. ತಡವಾಗಿ ಬಂದೆ ಎಂದಷ್ಟೇ ಹೇಳಿ ಬಂದರು.

ಆಗಸ್ಟ್ ಹೊತ್ತಿಗೆ ನಿದ್ದೆ ಸುಧಾರಿಸಿತು. ಶ್ರಾವಣದ ಮುಹೂರ್ತಗಳು ಬಂದು ಅಂಗಡಿಯಲ್ಲಿ ಕೆಲಸ ಸಿಕ್ಕಿದ್ದೂ ಸಹಾಯವಾಯಿತು. ಎಲ್ಲ ಶ್ರೇಯಸ್ಸನ್ನೂ ಆಪ್ತಸಲಹೆಗೆ ಕೊಡಲಾರೆ. ಮಗನೊಂದಿಗೆ ಮಾತು ಶುರುವಾದರೂ ಅಂಗಡಿ ಮುಚ್ಚುವ ವಿಷಯ ಹಾಗೆಯೇ ಉಳಿಯಿತು. ವರ್ಷ ತುಂಬುವಾಗ, ಏಪ್ರಿಲ್‌ನಲ್ಲಿ, ಸಂಕಟ ಮತ್ತೆ ಮೇಲೆದ್ದು ಬರಬಹುದು, ಹೆದರಬೇಡಿ, ಬಂದರೆ ಕರೆ ಮಾಡಿ ಎಂದು ಹೇಳಿ ಭೇಟಿಗಳನ್ನು ಮುಗಿಸಿದೆ. ರಾತ್ರಿ ಹೊತ್ತು ತೀರಾ ಕಷ್ಟವಾದರೆ ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಯನ್ನೂ ಬರೆದುಕೊಟ್ಟೆ. ಅದು ಉಚಿತ, ದಿನದ ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಇದೇ ಸ್ಥಿತಿಯಲ್ಲಿರುವವರು ಇದನ್ನು ಓದುತ್ತಿದ್ದರೆ ನೀವೂ ಬರೆದುಕೊಳ್ಳಿ. ನಿದ್ದೆ, ಊಟ, ಕೆಲಸ ವಾರಗಟ್ಟಲೆ ಕೆಟ್ಟಿದ್ದರೆ, ಸಾಯುವ ಯೋಚನೆ ಒಮ್ಮೆ ಸುಳಿದರೂ, ಯಾರಿಗಾಗಿ ಅಳುತ್ತಿದ್ದೀರಿ ಎಂದು ನಾಚಿಕೊಂಡು ಕೂರಬೇಡಿ.

ಹೇಳಿದಂತೆ ಏಪ್ರಿಲ್‌ನಲ್ಲಿ ಕರೆ ಬಂತು. ಕಾರಣ ಮಾತ್ರ ನಾನು ಎಣಿಸಿದ್ದಲ್ಲ. 2025ರ ಏಪ್ರಿಲ್ 14ರಂದು, ದ್ವಾರಕೀಶರ ವರ್ಷಕ್ಕೆ ಎರಡು ದಿನ ಮೊದಲು, ಇನ್ನೊಬ್ಬ ಹಾಸ್ಯನಟ ಬ್ಯಾಂಕ್ ಜನಾರ್ದನ್ ತೀರಿಕೊಂಡಿದ್ದರು. ದರ್ಶನಕ್ಕೆ ಹೋಗಲೇ, ಬೇಡವೇ ಎಂದು ಕೇಳಲು ಮೂರ್ತಿ ಕರೆ ಮಾಡಿದ್ದಾರೆ ಎಂದುಕೊಂಡೆ. ಅವರು ಆಗಲೇ ಅಂತಿಮ ದರ್ಶನ ಮಾಡಿ ಬಂದಿದ್ದರು. ಅಂಬೇಡ್ಕರ್ ಜಯಂತಿಯ ರಜೆ, ಮಗ ಸ್ಕೂಟರಿನಲ್ಲಿ ಬಿಟ್ಟು ಹೊರಗೇ ಕಾದಿದ್ದನಂತೆ.

“ಏನು ಜನ ಮೇಡಂ! ಮುಂದೆ ನಿಂತವರ ಬೆನ್ನು ಬಿಟ್ಟು ನನಗೆ ಏನೂ ಕಾಣಲಿಲ್ಲ. ಅಂಗಡಿಯ ಮಣೆ ತರಬೇಕಾಗಿತ್ತು.”